ನವಣಿ ತಿಂದ ಇಲಿಗಳು

ಧಾರವಾಡದ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿದ್ದು ಸೌಮ್ಯಾ ನೆಟ್ಟಗೆ ಕೂತಳು. ಲ್ಯಾಬಿನಲ್ಲಿ ಇಲಿಗಳಿಗೆ ನವಣೆ ತಿನ್ನಿಸಿ ಅವುಗಳ ಶುಗರ್ ಅಳೆದವಳು ಅವಳೇ.

“ಹೊಳೆವ್ವ, ನಾ ಶುಗರ್ ಗುಳಿಗಿ ಬಿಟ್ಟೇನಿ. ಬರೇ ನವಣಿ ಉಣ್ಣಾಕತ್ತೇನಿ.”

“ಯಾರ್ ಹೇಳಿದ್ರಬೇ?”

“ವಿಜ್ಞಾನಿಗಳು. ವಾಟ್ಸಾಪ್‌ನ್ಯಾಗ ಬಂದೈತಿ.”

“ಮೊನ್ನೆ ನವಣಿ ತಿಂದ್ರ ಥೈರಾಯ್ಡ್ ಬರ್ತೈತಿ ಅಂತ ಬಂದಿತ್ತಲ್ಲ?”

“ಅದನ್ನೂ ವಿಜ್ಞಾನಿಗಳೇ ಹೇಳ್ಯಾರ.”

“ಹಂಗಾರ ಖರೇ ಯಾವುದು?”

“ಇದರಾಗ ಬಿಳಿ ಕೋಟಿನವರ ಫೋಟೋ ಐತಲ್ಲ.”

ಸೌಮ್ಯಾ ಮುಂದಕ್ಕೆ ಬಾಗಿದಳು. “ಅವ್ವಾರ, ಗುಳಿಗಿ ಬಿಡಬ್ಯಾಡ್ರಿ. ಆ ಪರೀಕ್ಷೆ ಮಾಡಿದ್ದು ಬರೇ ಇಲಿ ಮ್ಯಾಲ್ರಿ,” ಎಂದಳು.

ಅಷ್ಟರಲ್ಲಿ ರಾಯಾಪುರ ಬಂತು. ಇಬ್ಬರೂ ಅವಳನ್ನು ಕನಿಕರದಿಂದ ನೋಡಿ ಎದ್ದರು.

“ಇಲಿಗೆ ಶುಗರ್ ಅಂತಬೇ! ಪಾಪ, ಈ ಹುಡುಗಿಗೆ ಯಾರೋ ಸುಳ್ಳು ಮೆಸೇಜ್ ಕಳಿಸ್ಯಾರ,” ಎನ್ನುತ್ತ ಹೊಳೆವ್ವ ಇಳಿದಳು.