ಮೆಟ್ಟಿಲ ಕೆಳಗಿನ ಫೋನು ಕೋಣೆ

ಇದು ಊರವರು ಆಡಿಕೊಂಡ ಮಾತಲ್ಲ. ನಮ್ಮ ಸೋದರತ್ತೆಯ ಮಗನಿಗೇ ಆದದ್ದು. ಬಾಗಿಲು ಮುಂದಕ್ಕೆ ಹಾಕಿ... ಹೇಳ್ತೀನಿ.

ಅವನು ಒಂದು ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸೋರವರೆಗೆ ಎಲ್ಲರೂ ಅವನನ್ನು 'ಕರೆಂಟು' ಅಂತಲೇ ಕರೆಯೋದು. ಅವತ್ತು ಲಿಫ್ಟು ಕೆಟ್ಟು ಕೂತಿತ್ತು. ಸರಿಮಾಡಿ ಕೈ ತೊಳೆಯೋ ಹೊತ್ತಿಗೆ ರಾತ್ರಿ ಎರಡು ಗಂಟೆ. ಹಿಂದಿನ ಗೇಟಿನಿಂದ ಮನೆ ಕಡೆ ನಡೆದ. ಆ ದಾರಿಯಲ್ಲಿ ಒಂದು ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ. ಗಾಳಿ ಬಂದರೆ ಜಾಲರಿ ಕಿರ್... ಕಿರ್... ಅನ್ನೋದು. ಅವತ್ತು ಗಾಳಿಯೂ ಇರಲಿಲ್ಲ. ಅವನ ಚಪ್ಪಲಿಯ ಸದ್ದು ಒಂದೇ.

ಬಾವಿ ಹತ್ತಿರ ಬಂದಾಗ ಜೇಬಿನಲ್ಲಿ ಫೋನು ಗುರ್ ಅಂತ ನಡುಗಿತು. ನೋಡಿದರೆ ಆಸ್ಪತ್ರೆಯ ನಂಬರು.

ಕಿವಿಗಿಟ್ಟ. ಮೊದಲು ಸುಯ್ ಅಂತ ಒಂದು ಎಳೆತ. ಆಮೇಲೆ ಟಕ್. ಆಮೇಲೆ ಹೆಂಗಸಿನ ದನಿ... ಪಿಸುಮಾತು.

"ಮನೆಗೆ ಹೋಗಬೇಡಿ. ವಾಪಸ್ ಬನ್ನಿ. ಹಸುಗೂಸುಗಳ ಕೋಣೆ."

ಕರೆಂಟು ಹಲ್ಲು ಕಚ್ಚಿದ. 'ಶುರುವಾಯ್ತು ಇದರ ಹುಚ್ಚು' ಅಂದುಕೊಂಡು ಫೋನು ಇಟ್ಟೇಬಿಟ್ಟ.

ಯಾಕೆ ಅಂದರೆ, ಎಂಟು ತಿಂಗಳಿಂದ ಆಸ್ಪತ್ರೆಯ ಫೋನಿಗೆ ಉತ್ತರ ಕೊಡ್ತಿದ್ದದ್ದು ಮನುಷ್ಯರಲ್ಲ, ಯಂತ್ರ. ಈಗ ಬಂದಿದೆಯಲ್ಲ, ಎಐ ಅಂತ... ಅದು. ಮ್ಯಾನೇಜರ್ ಕುಣಿದಾಡಿ ತರಿಸಿದ್ದ. ದನಿಯೇನೋ ಜೇನುತುಪ್ಪ. ಆದರೆ ಹಲ್ಲುನೋವು ಅಂದವನನ್ನು ಹೆರಿಗೆ ವಾರ್ಡಿಗೆ ಕಳಿಸಿತ್ತು. ಕೆಲಸ ಬಿಟ್ಟು ವರ್ಷವಾಗಿದ್ದ ಕಣ್ಣಿನ ಡಾಕ್ಟರು ಭಾನುವಾರ ಸಿಗ್ತಾರೆ ಅಂತ ಒಬ್ಬ ಮುದುಕನನ್ನು ಬಿಸಿಲಲ್ಲಿ ಕೂರಿಸಿತ್ತು. "ಗೊತ್ತಿಲ್ಲ ಅನ್ನೋ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತು ಅದಕ್ಕೆ" ಅಂತ ಕರೆಂಟು ನಗಾಡ್ತಿದ್ದ.

ಅದಕ್ಕೂ ಮುಂಚೆ ಆ ಕೆಲಸಕ್ಕಿದ್ದವಳು ಬೋರ್ಡಮ್ಮ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ, ಆಳೆತ್ತರದ ಹಳೇ ಫೋನು ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ಕೂತವಳು. ಹೊರಗಿಂದ ಫೋನು ಬಂದರೆ ಬೋರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಚಟ್ ಅಂತ ಬೀಳೋದು. ಬೋರ್ಡಮ್ಮ ಹಗ್ಗದಂಥ ವೈರೊಂದನ್ನು ಸುಯ್ ಅಂತ ಎಳೆದು, ಬೇಕಾದ ವಾರ್ಡಿನ ತೂತಿಗೆ ಟಕ್ ಅಂತ ಚುಚ್ಚೋಳು. ಮಾತಿಗೆ ಮುಂಚೆ ಒಂದು ಒಣಕೆಮ್ಮು. ಅದಕ್ಕಂತಲೇ ಪಕ್ಕದ ಗೋಡೆಯ ಗೂಡಿನಲ್ಲಿ ಸದಾ ಒಂದು ಸ್ಟೀಲಿನ ಲೋಟ ಬಿಸಿನೀರು. ಆಮೇಲೆ "ತಾಳಿ, ಕೊಟ್ಟೆ." ಯಾವ ಡಾಕ್ಟರು ಯಾವ ಮೂಲೆಯಲ್ಲಿ ಕೂತು ಹರಟೆ ಹೊಡೀತಿದ್ದಾರೆ ಅನ್ನೋದು ಕೂತಲ್ಲೇ ಗೊತ್ತು ಅವಳಿಗೆ.

ಯಂತ್ರ ಬಂದ ದಿನ ಬೋರ್ಡಿನ ತಂತಿ ಕತ್ತರಿಸಿದ್ದು ಕರೆಂಟೇ. ಅವಳು ಪಕ್ಕದಲ್ಲೇ ನಿಂತಿದ್ದಳು. "ನಿಧಾನ ಕಣಪ್ಪಾ... ನೋಯಿಸಬೇಡ" ಅಂದಳು. ತಮಾಷೆಗೆ ಅಂದದ್ದೋ ಏನೋ. ಅವನಿಗೆ ತಲೆ ಎತ್ತೋಕಾಗಲಿಲ್ಲ. ನಾಲ್ಕು ತಿಂಗಳಿಗೆ ಅವಳು ತೀರಿಕೊಂಡಳು. ಕೋಣೆಗೆ ಬೀಗ ಬಿತ್ತು. ಕೀಲಿ ಇದ್ದದ್ದು ಮ್ಯಾನೇಜರ್ ಹತ್ತಿರ.

ಸರಿ... ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬಹುದು. ಮತ್ತೆ ಫೋನು.

ಸುಯ್... ಟಕ್.

"ಹಸುಗೂಸುಗಳ ಕೋಣೆ ಅಂದೆನಲ್ಲ."

"ಏ, ಸುಮ್ನಿರೇ ಮಾರಾಯ್ತಿ" ಅಂದ ಕರೆಂಟು. "ಯಾರಿಗೆ ಹೇಳ್ತಿದ್ದೀಯ, ಏನು ಹೇಳ್ತಿದ್ದೀಯ ಅಂತಾದ್ರೂ ಗೊತ್ತಾ ನಿಂಗೆ?"

ಆ ಕಡೆಯಿಂದ... ಒಂದು ಒಣಕೆಮ್ಮು.

ಕರೆಂಟು ನಿಂತಲ್ಲೇ ನಿಂತ. ಯಂತ್ರ ಸುಳ್ಳು ಹೇಳಬಹುದು, ಹಾಡು ಹೇಳಬಹುದು... ಕೆಮ್ಮುತ್ತಾ?

"ಓಡಪ್ಪಾ" ಅಂತು ದನಿ. ಫೋನು ಕಟ್ಟಾಯಿತು.

ಓಡಿದ. ಚಪ್ಪಲಿ ಒಂದು ಬಾವಿ ಹತ್ತಿರವೇ ಕಳಚಿ ಹೋಯಿತು, ತಿರುಗಿ ನೋಡಲಿಲ್ಲ. ಎರಡನೇ ಮಹಡಿ. ಹಸುಗೂಸುಗಳ ಕೋಣೆ. ಕಾವುಪೆಟ್ಟಿಗೆಗಳಲ್ಲಿ ಆರು ಕೂಸು, ಅಂಗೈಯಗಲದವು. ನರ್ಸಮ್ಮ ಕುರ್ಚಿಯಲ್ಲಿ ಕೂತು ಏನೋ ಬರೀತಿದ್ದಳು.

"ಏನ್ರೀ ಕರೆಂಟು, ಈ ಹೊತ್ತಲ್ಲಿ?"

"ಶ್... ಸುಮ್ನಿರಿ."

ಕಿವಿಗೊಟ್ಟ. ಗೋಡೆಯ ಫ್ಯೂಸು ಪೆಟ್ಟಿಗೆಯೊಳಗೆ... ಜುಂಯ್... ಜುಂಯ್... ಬಾಟಲಿಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ. ಮೂಗಿಗೆ ಸುಟ್ಟ ಪ್ಲಾಸ್ಟಿಕ್ಕಿನ ಘಾಟು. ಪೆಟ್ಟಿಗೆಯ ಸ್ವಿಚ್ಚಿನ ಹಿಡಿಕೆ ಎಳೆದ. ಅಂಗೈ ಚುರ್ ಅಂತು. ಹಿಡಿಕೆ ಕರಗಿ ಅಲ್ಲೇ ಅಂಟಿಹೋಗಿತ್ತು.

"ಸಿಸ್ಟರ್, ಮಕ್ಕಳನ್ನ ತೆಗೀರಿ."

"ಡಾಕ್ಟರನ್ನ ಕೇಳದೆ ಹೇಗ್ರೀ..."

"ತೆಗೀರಿ!"

ಅವಳು ಎರಡು, ಅವನು ಎರಡು. ಓಣಿಯ ಬೆಂಚಿನ ಮೇಲೆ ಮಲಗಿದ್ದ ಯಾರದೋ ಅಜ್ಜಿ ಎದ್ದು ಸೆರಗೊಡ್ಡಿದಳು. ವಾಪಸ್ ಒಳಗೆ ಹೋದರು. ಕೊನೆಯ ಕೂಸನ್ನು ಎದೆಗವಚಿಕೊಂಡು ಕರೆಂಟು ಬಾಗಿಲು ದಾಟಿದ, ಅಷ್ಟೇ... ಢಬ್! ಪೆಟ್ಟಿಗೆ ಬಾಯಿ ಬಿಟ್ಟಿತು. ಬೆಂಕಿ ಪರದೆ ಹಿಡಿದು ಸೂರಿಗೆ ಏರಿತು. ಅವನು ಕೂಸನ್ನು ನರ್ಸಮ್ಮನ ಕೈಗೆ ತುರುಕಿ, ಕೆಳಗೆ ಓಡಿ ಮೇನ್ ಸ್ವಿಚ್ಚು ಆರಿಸಿದ. ಅಷ್ಟರಲ್ಲಿ ಕಾವಲುಗಾರ ಮರಳಿನ ಬಕೆಟ್ಟು ಹೊತ್ತು ಓಡಿಬಂದಿದ್ದ. ಬೆಂಕಿ ಆ ಒಂದು ಕೋಣೆಗೇ ನಿಂತಿತು.

ಕತ್ತಲೆಯ ಓಣಿಯಲ್ಲಿ ಆರೂ ಕೂಸು ಒಟ್ಟಿಗೆ ಅಳೋಕೆ ಶುರುಮಾಡಿದವು. ಅಷ್ಟು ಚೆಂದದ ಸದ್ದು ತಾನು ಹುಟ್ಟಿದಾಗಿಂದ ಕೇಳಿಲ್ಲ ಅಂತಾನೆ ಅವನು, ಈಗಲೂ.

ಸುದ್ದಿ ತಿಳಿದು ಮ್ಯಾನೇಜರ್ ಲುಂಗಿಯಲ್ಲೇ ಬಂದ. ಕರೆಂಟು ಫೋನು ಬಂದದ್ದು ಹೇಳಿದ. ಮ್ಯಾನೇಜರ್ ಮುಖ ಊರಗಲ. "ನೋಡಿದ್ಯಾ! ನನ್ನ ಎಐನ ಆಡ್ಕೋತಿದ್ದೆ!"

ಅಲ್ಲೇ ಯಂತ್ರದ ಕಂಪನಿಗೆ ಫೋನು ಹಚ್ಚಿದ. ಎತ್ತಿದ ಹುಡುಗಿ ಪಾಪ ನಿದ್ದೆಗಣ್ಣಲ್ಲೇ ಎಲ್ಲ ತೆಗೆದು ನೋಡಿದಳು. "ಸರ್, ರಾತ್ರಿ ಒಂದರಿಂದ ಯಾವ ಕರೆಯೂ ಇಲ್ಲ. ಮತ್ತೆ... ಅದು ಬಂದ ಫೋನು ಎತ್ತುತ್ತೆ ಅಷ್ಟೇ ಸರ್. ತಾನಾಗಿ ಯಾರಿಗೂ ಫೋನು ಮಾಡೋಕೆ ಬರಲ್ಲ ಅದಕ್ಕೆ."

ಮ್ಯಾನೇಜರ್ ಫೋನು ಇಟ್ಟ.

"ಕೀಲಿ ಕೊಡಿ ಸರ್" ಅಂದ ಕರೆಂಟು, ಮೆಲ್ಲಗೆ. ಯಾವ ಕೀಲಿ ಅಂತ ಮ್ಯಾನೇಜರ್ ಕೇಳಲಿಲ್ಲ, ಆಫೀಸಿನಿಂದ ತಂದ.

ಇಬ್ಬರೂ ಮೆಟ್ಟಿಲ ಕೆಳಗೆ ಹೋದರು. ಬೀಗ ತುಕ್ಕು ಹಿಡಿದಿತ್ತು. ಎರಡು ಸಲ ತಿರುಗಿಸಿದ ಮೇಲೆ ಕಟಕ್ ಅಂತು. ಟಾರ್ಚು ಬಿಟ್ಟರು. ನೆಲದ ಮೇಲೆ ಬೆರಳು ದಪ್ಪ ಧೂಳು... ಒಂದು ಹೆಜ್ಜೆ ಗುರುತಿಲ್ಲ. ಬೋರ್ಡಿಗೆ ಜೇಡರ ಬಲೆ. ಕತ್ತರಿಸಿದ ತಂತಿಗಳು ಕತ್ತರಿಸಿದ ಹಾಗೇ ಜೋತುಬಿದ್ದಿದ್ದವು. ಒಂದಕ್ಕೊಂದು ತಾಗಿರಲಿಲ್ಲ.

"ಏನೂ ಇಲ್ಲ... ನಡಿ" ಅಂದ ಮ್ಯಾನೇಜರ್, ಬಾಗಿಲ ಕಡೆ ತಿರುಗುತ್ತಾ.

ಕರೆಂಟು ಟಾರ್ಚನ್ನು ಪಕ್ಕದ ಗೋಡೆಯ ಗೂಡಿಗೆ ತಿರುಗಿಸಿದ.

ಅಲ್ಲಿ ಒಂದು ಸ್ಟೀಲಿನ ಲೋಟ. ಅರ್ಧ ಲೋಟ ಬಿಸಿನೀರು. ಇನ್ನೂ ಹಬೆ ಆಡ್ತಿತ್ತು.

ನಂಬೋದು ಬಿಡೋದು ನಿಮಗೆ ಸೇರಿದ್ದು. ಅವನು ಸುಳ್ಳು ಹೇಳೋನಲ್ಲ. ಆ ಲೋಟವನ್ನು ಹೊರಗೆ ತಂದು ನೀರು ಚೆಲ್ಲಿದ್ದು ಮ್ಯಾನೇಜರೇ. ಬೆರಳು ಸುಟ್ಟಿತು ಅಂತ ಅವನೇ ನನ್ನ ಹತ್ತಿರ ಹೇಳಿದ್ದಾನೆ.