ಎರಡು ಮಡಕೆ, ಒಂದು ಶಾಲು

ಅಧ್ಯಕ್ಷರಾದ ಆಂಟನಿ ಮಾಸ್ಟ್ರೇ, ಸನ್ಮಾನಕ್ಕೆ ಕುಳಿತಿರುವ ನಮ್ಮ ಹೊಸ ಶಾಸಕರಾದ ಗುಣಪಾಲರೇ, ಕಾಪುವಿನಿಂದಲೂ ಮಟ್ಟುವಿನಿಂದಲೂ ಬಂದಿರುವ ಸಭಿಕರೇ,

ನಾನು ಅಕ್ಕು. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವಳು. ಓದಿದ್ದು ಎರಡನೆಯ ಕ್ಲಾಸು. ಊರಿನ ಹಿರಿಯಳೆಂದು ಶಾಲು ಹೊದಿಸಲು ಕರೆದಿದ್ದೀರಿ. ಹೊದಿಸುತ್ತೇನೆ. ಅದಕ್ಕೆ ಮೊದಲು ಎರಡು ಮಾತು.

ಇವರು ಗೆದ್ದದ್ದು ಹೇಗೆ? ಈ ಅರುವತ್ತೆರಡರ ಚುನಾವಣೆಗೆ ಮೊದಲು ನಮ್ಮ ಊರಿಗಿದ್ದದ್ದು ಒಂದೇ ಪ್ರಶ್ನೆ. ಹೊಳೆಗೆ ಅಡ್ಡವಾಗಿ, ಹಲಗೆ ಇಳಿಸುವಂಥ ಕಲ್ಲಿನ ಕಟ್ಟ ಬೇಕೋ, ಬೇಡವೋ? ಬೇಕೆಂದವರು ಗುಳ್ಳದವರು, ಉಪ್ಪುನೀರು ಗದ್ದೆಗೆ ನುಗ್ಗಬಾರದಲ್ಲ. ಬೇಡವೆಂದವರು ಮೀನಿನವರು, ದೋಣಿ ಎಲ್ಲಿ ಹೋಗಬೇಕು? ಮತಕ್ಕೆ ಹಾಕೋಣ ಎಂದರು ಪಂಚಾಯತಿನವರು. ಎರಡು ಮಡಕೆ. ಒಂದರ ಮುಂದೆ ಗುಳ್ಳ, ಇನ್ನೊಂದರ ಮುಂದೆ ಒಣಮೀನು. ಬಂದವರು ಒಂದೊಂದು ಹುಣಸೆಬೀಜ ಹಾಕುವುದು. ದಿನ ಗೊತ್ತುಮಾಡಿದ್ದು ಗುಣಪಾಲರು: ಚುನಾವಣೆಯ ದಿನವೇ, ಮತಗಟ್ಟೆಯಾಗಿದ್ದ ಶಾಲೆಯ ಎದುರಿನ ಅಂಗಳದಲ್ಲೇ!

ನನ್ನ ಜಗಲಿಯಲ್ಲಿ ಕುಳಿತು ಹೇಳಿದ್ದರು: "ಅಕ್ಕು ಅಮ್ಮಾ, ಓಟು ಅಂತ ಕರೆದರೆ ನಿಮ್ಮ ಹೆಂಗಸರು ಮನೆ ಬಿಟ್ಟು ಹೊರಡುವುದಿಲ್ಲ. ಕಟ್ಟ ಅಂತ ಹೇಳಿ, ಓಡಿ ಬರ್ತಾರೆ. ಬಂದವರು ಹಾಗೆಯೇ ನನಗೂ ಒಂದು ಮುದ್ರೆ ಒತ್ತಲಿ, ಅಲ್ವಾ?"

"ಎಂತ ತಲೆ ಮಾರಾಯ್ರೇ ನಿಮ್ಮದು!" ಎಂದೆ.

ತಲೆ ಅವರಿಗೊಬ್ಬರಿಗೇ ಉಂಟಾ? ಚುನಾವಣೆಗೆ ಇವರ ಎದುರು ನಿಂತಿದ್ದ ತಾರಾನಾಥರು ಮೀನಿನವರನ್ನೆಲ್ಲ ಲಾರಿಯಲ್ಲಿ ತಂದಿಳಿಸಿದರು.

ಆ ದಿನ ಎಂತ ಆಯಿತು? ನಮ್ಮ ಹೆಂಗಸರು ಬಂದರು, ಬೀಜ ಹಾಕಿದರು, ಮನೆಗೆ ಹೊರಟರು! ನಗಬೇಡಿ. ಹಿಂದಿನ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟಿದ್ದರಲ್ಲ? ಈ ಸಲ ಮಡಕೆ ಇಟ್ಟಿದ್ದಾರೆ ಎಂದುಕೊಂಡರು. ಗುಣಪಾಲರ ಮುಖ ಸುಟ್ಟ ಗುಳ್ಳದ ಹಾಗಾಗಿತ್ತು. ಮನೆಯ ದಾರಿಯಲ್ಲಿ, ಗದ್ದೆಯ ಹುಣಿಯ ಮೇಲೆ ಅಡ್ಡ ನಿಂತು ಹೆಂಗಸರನ್ನು ತಿರುಗಿಸಿದವಳು ನಾನು. "ಏ, ಶಾಲೆಯ ಒಳಗೆ ಇನ್ನೊಂದುಂಟು, ಅದನ್ನೂ ಒತ್ತಿ ಬನ್ನಿ!" ಗುಳ್ಳದ ಮಡಕೆಯೂ ಗೆದ್ದಿತು, ಗುಣಪಾಲರೂ ಗೆದ್ದರು. ದೋಣಿಗೆ ದಾರಿ ಬಿಟ್ಟೇ ಕಟ್ಟುತ್ತೇವೆಂದು ಮೀನಿನವರಿಗೂ ಮಾತು ಕೊಟ್ಟರು.

ಮಳೆಗೆ ಮೊದಲು ಕಲ್ಲಿನ ಕಂಬ ಎದ್ದಿತು. ಈಗ ಮಳೆಯೂ ನಿಂತಿತು. ಹಲಗೆ ಎಲ್ಲಿ?

ಹಲಗೆ ಇಲ್ಲದಿದ್ದರೆ ಹಳೆಯ ಮಣ್ಣಿನ ಕಟ್ಟವೇ ಗತಿ. ಮನೆಗೊಬ್ಬ ಗಂಡಸು ಸರದಿಯಲ್ಲಿ ನೀರಿಗಿಳಿದು ಮಣ್ಣು ತುಳಿಯಬೇಕು. ಹುಣ್ಣಿಮೆಯ ಭರತಕ್ಕೆ ಸಮುದ್ರ ಉಕ್ಕಿದರೆ ಅದು ಯಾವ ಕಡೆ ಒಡೆಯುತ್ತದೆಂದು ಯಾರಿಗೂ ತಿಳಿಯದು. ನಮ್ಮ ಯಜಮಾನರು ಒಳ್ಳೆಯ ಈಜುಗಾರರು. ಗುಳ್ಳದ ಹುಳಿಗೆ ತೆಂಗಿನಕಾಯಿ ಕಡಿಮೆಯಾದರೆ ಬಟ್ಟಲು ದೂಡುವವರು. ಅವರ ಸರದಿ ಬಂದ ಹುಣ್ಣಿಮೆಯ ದಿನ ಧಾರಾಳ ಹಾಕಿದ್ದೆ. ಹುಳಿ ಒಲೆಯ ಮೇಲೆಯೇ... ಇರಲಿ. ಅದು ಈ ಸಭೆಯಲ್ಲಿ ಹೇಳುವ ಮಾತಲ್ಲ.

ಈ ಹುಣ್ಣಿಮೆಗೆ ಸರದಿ ಮತ್ತೆ ನಮ್ಮ ಮನೆಯದು. ಇಳಿಯುವವನು ನನ್ನ ಮಗ ಕರುಣಾಕರ.

ಗುಣಪಾಲರೇ, ಮುಂದಿನ ಚುನಾವಣೆಗೆ ನಿಮ್ಮ ಓಟಿನ ಜೊತೆ ಯಾವ ಪ್ರಶ್ನೆ ಕಟ್ಟಿ ತರುತ್ತೀರೋ ಗೊತ್ತಿಲ್ಲ. ಹುಣಿ ಅಲ್ಲೇ ಇರುತ್ತದೆ. ಹೆಂಗಸರನ್ನು ಶಾಲೆಯ ಕಡೆಗೂ ತಿರುಗಿಸಬಲ್ಲೆ, ಮನೆಯ ಕಡೆಗೂ ತಿರುಗಿಸಬಲ್ಲೆ.

ಶಾಲು ನನ್ನ ಕೈಯಲ್ಲುಂಟು. ಒಳ್ಳೆಯ ಜರಿಯದು, ದಪ್ಪವೂ ಉಂಟು. ಹಲಗೆ ಇಳಿಸುವ ದಿನವನ್ನು ಈ ಮೈಕಿನಲ್ಲಿ, ಇವರೆಲ್ಲರ ಎದುರು ಹೇಳಿ. ಹುಣ್ಣಿಮೆಗೆ ಮೊದಲಿನ ದಿನವಾದರೆ ಈಗಲೇ ಹೊದಿಸುತ್ತೇನೆ. ಅದು ಕಳೆದ ಮೇಲಿನದಾದರೆ ಶಾಲನ್ನು ಮನೆಗೆ ಒಯ್ಯುತ್ತೇನೆ. ಕರುಣಾಕರನನ್ನು ನೀರಿನಿಂದ ಎತ್ತಿ ತಂದರೆ ಹೊದಿಸಲಿಕ್ಕೆ ಬೇಕಾಗುತ್ತದೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ದೊಡ್ಡ ಉಪಕಾರ. ನಾನು ಕುಳಿತುಕೊಳ್ಳುವುದಿಲ್ಲ, ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.