ಕವಿ ಹುಟ್ಟಿದ ಮನೆಯ ಎರಡನೇ ಮಡಕೆ

ಬಾಗಿಲು ಹಾಕಿ ಕೂತ್ಕೊಳ್ಳಿ. ಇದು ಕಟ್ಟುಕತೆಯಲ್ಲ... ನಮ್ಮ ದೊಡ್ಡಪ್ಪನ ಮಗ ಕದಿರಪ್ಪನಿಗೆ ಎಂಬತ್ನಾಲ್ಕನೇ ಇಸವಿಯಲ್ಲಿ ಆದದ್ದು.

ಮಾರಿಕುಪ್ಪಂಗೆ ರಾತ್ರಿಯ ಕೊನೇ ರೈಲು ಬಂದು ನಿಂತಾಗಿತ್ತು. ಕದಿರಪ್ಪ ಕಂಕುಳಲ್ಲಿ ಒಂದು ಮಡಕೆ ಇಟ್ಟುಕೊಂಡು ಆಲದ ಮರದ ಪಾಳುಬಾವಿ ಕಡೆಗೆ ಹೋಗ್ತಿದ್ದ. ಮನೆಯಲ್ಲಿ ಹೆಂಡತಿ ಮಂಗಮ್ಮ, ಹನ್ನೊಂದು ದಿನದ ಹೆಣ್ಣುಕೂಸು. ಮಡಕೆಯೊಳಗೆ... ಕರ್... ಕರ್... ಎಳೇ ಉಗುರಲ್ಲಿ ಕೆರೆದ ಹಾಗೆ.

ಮಡಕೆ ಎಲ್ಲಿಂದ ಬಂತು ಅಂತೀರಾ? ನಮ್ಮೂರಲ್ಲಿ ಹುಟ್ಟಿ ಹೆಸರು ಮಾಡಿದ ಕವಿಯೊಬ್ಬರಿದ್ದರು. ಅವರು ತೀರಿಕೊಂಡ ಮೇಲೆ, ಹುಟ್ಟಿದ ಮಣ್ಣಿನ ಮನೆಯನ್ನ ಮ್ಯೂಸಿಯಂ ಮಾಡೋಕೆ ಕಮಿಟಿ ಆಯ್ತು. ಅಧ್ಯಕ್ಷ ರಾಮಚಂದ್ರಪ್ಪ. ಕವಿಯ ಕನ್ನಡಕ, ಪೆನ್ನು ಸಿಕ್ಕಿದ್ದು ಸಾಲದೇ ಹೋಯ್ತು ಆ ಮಹಾನುಭಾವನಿಗೆ. ಹೆರಿಗೆಯಾದಾಗ ಕೂಸಿನ ಹಿಂದೆ ಬೀಳೋ ಮಾಸನ್ನ ಮಡಕೆಯಲ್ಲಿಟ್ಟು ಹಿತ್ತಿಲಲ್ಲಿ ಹೂಳ್ತಾರಲ್ಲ, ಅದನ್ನೂ ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಂತೆ! ಅಗೆಯೋದಕ್ಕೆ ಕದಿರಪ್ಪ. ತೋರಿಸಿದ ಆಸೆ, ವಾಚ್‌ಮನ್ ಕೆಲಸ.

ಅವತ್ತು ಸಂಜೆ ಅಗೆದರೆ ಎರಡು ಮಡಕೆ. ಎರಡನೆಯದು ದೊಡ್ಡದು, ಬಾಯಿಗೆ ಸುಣ್ಣ ಮೆತ್ತಿತ್ತು. ಕವಿಯ ತಾಯಿಗೆ ಹೆರಿಗೆ ಮಾಡಿಸಿದ್ದ ಮುದುಕಿ ಮುನಿಶಾಮಮ್ಮ ಮಡಕೆ ಪಕ್ಕ ಬಂದು ಕೂತಳು.

“ಚಿಕ್ದು ಅವ್ರ ಮಾಸು. ಇದು... ಅವ್ರ ಹಿಂದೇನೇ ಬಂದ ಹೆಣ್ಣು. ಒಂದಕ್ಕೇ ಎದ್ಯಾಗೆ ಆಲಿಲ್ಲ, ಗಂಡು ಸಾಕು ಅಂದ್ಬುಟ್ರು.”

“ಸತ್ತು ಹುಟ್ಟಿತ್ತಾ?” ಅಂದ ರಾಮಚಂದ್ರಪ್ಪ.

“ಇಲ್ಲ ಕಣಪ್ಪ... ಅಳ್ತಿತ್ತು.”

ರಾಮಚಂದ್ರಪ್ಪ ಆಚೆ ಈಚೆ ನೋಡಿದ. “ಕವಿಗಳ ಹೆಸರಿಗೆ ಮಸಿ ಬಳೀಬೇಕಾ? ಕದಿರಪ್ಪ, ಕತ್ತಲಾದ ಮೇಲೆ ಪಾಳುಬಾವಿಗೆ ಹಾಕಿ ಬಾ. ಬಾಯಿ ಬಿಟ್ಟರೆ ಕೆಲಸ ಇಲ್ಲ.”

ಮುದುಕಿ ಕದಿರಪ್ಪನ ಕೈ ಹಿಡಿದಳು. “ಬ್ಯಾಡ ಕಣ್ಲಾ. ಇಲ್ಲೇ ಮುಚ್ಬುಡು. ನಿನ್ ಮನ್ಯಾಗೆ ಅಸಿ ಬಾಣ್ತಿ ಅವ್ಳೆ.”

ಅವನು ಕೈ ಬಿಡಿಸಿಕೊಂಡ. ನನ್ನ ಅಣ್ಣನೇ ಆದರೂ ಹೇಳ್ತೀನಿ, ಅದು ಪಾಪದ ಕೆಲಸ.

ಆ ರಾತ್ರಿ ಮಡಕೆಯನ್ನ ಬಾವಿಗೆ ಎಸೆದ. ದುಡುಂ ಅನ್ನಬೇಕಲ್ಲ? ಇಲ್ಲ. ಬಗ್ಗಿ ಕಿವಿಗೊಟ್ಟ... ಇಲ್ಲ. ಬೆನ್ನ ಹಿಂದೆ, ದಾರಿ ಮೇಲೆ, ತರಗೆಲೆ ಸರ... ಸರ... ಹೊಟ್ಟೆ ಎಳೆದುಕೊಂಡು ಹೋಗೋ ಸದ್ದು. ಅವನ ಮನೆ ಕಡೆಗೆ.

ಓಡಿ ಬಂದ. ಕತ್ತಲಲ್ಲಿ ಮಂಗಮ್ಮ ಕೂಸಿಗೆ ಬಲಗಡೆ ಹಾಲು ಕೊಡ್ತಿದ್ದಳು. ಚಪ್... ಚಪ್... ಸದ್ದು ಎರಡು ಕಡೆಯಿಂದ.

“ದೀಪ ಅಚ್ಚಿ,” ಪಿಸುಗುಟ್ಟಿದಳು. “ಎಡಗಡೆ ಯಾರೋ ಎಳೀತಾವ್ರೆ.”

ಹಚ್ಚಿದ. ಯಾರೂ ಇಲ್ಲ.

ಅಂದಿನಿಂದ ಕೂಸಿಗೆ ಹಾಲು ಸಾಲಲಿಲ್ಲ. ಮೊದಲು ಎಡಗಡೆ, ಆಮೇಲೆ ಬಲಗಡೆಯೂ ಬೆಳಗಾಗೋದರೊಳಗೆ ಬತ್ತಿರ್ತಿತ್ತು. ಹಸುವಿನ ಹಾಲು ಕೊಟ್ಟರೆ ಕಕ್ಕಿಬಿಡೋದು. ಕದಿರಪ್ಪ ಬಾವಿಗಿಳಿದು ತಡಕಾಡಿದ, ಮಡಕೆಯ ಒಂದು ಚೂರೂ ಸಿಗಲಿಲ್ಲ. ನಲವತ್ತನೇ ದಿನ ಕೂಸು ಹೋಯ್ತು. ಅವತ್ತೇ ಮ್ಯೂಸಿಯಂ ಉದ್ಘಾಟನೆ. ಬೆಳಗ್ಗೆ ಮಣ್ಣು ಮಾಡಿ ಬಂದವನು ಮಧ್ಯಾಹ್ನ ಖಾಕಿ ಹಾಕ್ಕೊಂಡು ಗೇಟು ತೆಗೆದ. ಬರಲ್ಲ ಅಂದರೆ ಕೆಲಸ ಬೇರೆಯವರಿಗೆ ಅಂದಿದ್ದನಂತೆ ಅಧ್ಯಕ್ಷ.

ಸುಳ್ಳು ಅನ್ನೋರು ಮಂಗಮ್ಮ ಅತ್ತಿಗೆಯನ್ನೇ ಕೇಳಿ, ಈಗಲೂ ಬಂಗಾರಪೇಟೆಯಲ್ಲಿದ್ದಾಳೆ. ಕೂಸು ಹೋದ ಬಾಣಂತಿಗೆ ಕುಡಿಯೋರಿಲ್ಲದೆ ಎದೆ ಕಟ್ಟಿ ನೋಯುತ್ತೆ, ಎಂಟ್ಹತ್ತು ದಿನಕ್ಕೆ ಹಾಲು ನಿಲ್ಲುತ್ತೆ. ಅತ್ತಿಗೆಗೆ ಎದೆ ಕಟ್ಟಲೇ ಇಲ್ಲ. ಹಾಲೂ ನಿಲ್ಲಲಿಲ್ಲ... ಮೂರು ವರ್ಷ.